ದರ್ಜಿಗಳು ಹೊಲಿದ ಪೆಟ್ಟಿಗೆ ತೋಟ

ದರ್ಜಿ ಅರ್ಧಂಗುಲದವರ ಹೆಂಡತಿಯನ್ನು ನಾನು ಮೊದಲು ಕಂಡದ್ದು ಅವರ ಹೊಲಿಗೆ ಅಂಗಡಿಯ ಬೆಂಚಿನ ಮೇಲೆ. ನನ್ನ ಪ್ಯಾಂಟನ್ನು ಬುಧವಾರ ಕೊಡುತ್ತೇನೆಂದಿದ್ದರು. ಅದು ಅಂಥ ಮೂರನೆಯ ಬುಧವಾರ. ಪಕ್ಕದಲ್ಲಿ ಗಿಡ್ಡನೆಯ ಹೆಂಗಸೊಬ್ಬರು ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಪಾಪ, ಕಾದು ಕಾದು ಅಡಿಗೆಮನೆಯ ಕೆಲಸವನ್ನೂ ಇಲ್ಲಿಗೇ ತಂದುಕೊಂಡಿದ್ದಾರೆ ಎಂದುಕೊಂಡು, ತಮ್ಮದು ಎಷ್ಟನೆಯ ಬುಧವಾರ ಎಂದು ಕೇಳಿದೆ.

"ನನ್ನ ಚಳಿಗಾಲದ ಕೋಟಿಗೆ ಬುಧವಾರ ಅಂತ ಹೇಳಿ ಹನ್ನೊಂದು ವರ್ಷ ಆಯ್ತು," ಎಂದರು ಆಕೆ, ತಲೆಯೆತ್ತದೆ. "ನಾನು ಅವರ ಹೆಂಡತಿ."

ಅರ್ಧಂಗುಲದವರು ಎಂಬುದು ಬೀದಿ ಇಟ್ಟ ಹೆಸರು. ಯಾರ ಬಟ್ಟೆ ಹೊಲಿದರೂ ಒಳಗೆ ಅರ್ಧ ಅಂಗುಲ ಹೆಚ್ಚಿಗೆ ಬಿಡುವುದು ಅವರ ವ್ರತ. ಸರಸರನೆ ಬೆಳೆಯುವ ಹುಡುಗರಿಗೂ ಬಿಡುತ್ತಿದ್ದರು, ಬೆಳೆದು ಮುಗಿದು ಕುಗ್ಗುತ್ತಿದ್ದ ಮುದುಕರಿಗೂ ಬಿಡುತ್ತಿದ್ದರು. ಉದ್ದವಾದದ್ದನ್ನು ಗಿಡ್ಡ ಮಾಡಬಹುದು, ಗಿಡ್ಡವಾದದ್ದನ್ನು ಬ್ರಹ್ಮನೂ ಉದ್ದ ಮಾಡಲಾರ ಎಂಬುದು ಅವರ ವೇದಾಂತ. ಆಳು ಮಾತ್ರ ಗಳದಂತೆ ಎತ್ತರ. ಹೆಂಡತಿ ಅವರ ಎದೆಯ ಜೇಬಿಗೂ ಬರುತ್ತಿರಲಿಲ್ಲ.

ಕಣ್ಣು ಮಂಜಾದ ಮೇಲೆ ಅವರು ಅಂಗಡಿ ಮುಚ್ಚಿದರು. ಬಟ್ಟೆ ಕತ್ತರಿಸುವ ದೊಡ್ಡ ಮೇಜೊಂದನ್ನು ಮಾತ್ರ ಬಿಡಲಾರದೆ ಮನೆಗೆ ಹೊರಿಸಿ ತಂದು ನಡುಮನೆಯಲ್ಲಿ ಸ್ಥಾಪಿಸಿದರು. (ಕುರ್ಚಿಗಳು ಅದಕ್ಕೆ ಜಾಗ ಬಿಟ್ಟು ಜಗಲಿಗೆ ವಲಸೆ ಹೋದವು.) ಅದೇ ವರ್ಷ ಹೆಂಡತಿಯ ಮಂಡಿಗಳೂ ನಿವೃತ್ತಿ ಕೇಳಿದವು. ಬಗ್ಗಬಾರದು, ಕುಕ್ಕರಗಾಲಿನಲ್ಲಿ ಕೂರಲೇಬಾರದು ಎಂದರು ಡಾಕ್ಟರು. ಹಿತ್ತಲಲ್ಲಿ ಇಪ್ಪತ್ತು ವರ್ಷ ಟೊಮೇಟೊ, ಮೆಣಸು, ಮೂಲಂಗಿ ಬೆಳೆದ ಹೆಂಗಸು ಆಕೆ. ಗಿಡ ನೆಲದ ಮೇಲೆ ತಾನೇ ಇರುತ್ತದೆ ಎಂದು ವಾದಿಸಿದರು. ಹಾಗಾದರೆ ನೆಲವನ್ನೇ ಮೇಲಕ್ಕೆ ತನ್ನಿ ಎಂದು ಡಾಕ್ಟರು ನಕ್ಕರು. ಅವರು ನಕ್ಕದ್ದನ್ನು ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಮಾತನ್ನು ತೆಗೆದುಕೊಂಡರು. ಸೊಂಟದೆತ್ತರಕ್ಕೆ ಒಂದು ಮರದ ಪೆಟ್ಟಿಗೆ, ತುಂಬ ಮಣ್ಣು, ಮಣ್ಣಿನಲ್ಲಿ ಗಿಡ. ನಿಂತೇ ಕಳೆ ಕೀಳಬಹುದು. ಪಕ್ಕದ ಮನೆಯ ಬಡಗಿಗೆ ಹೇಳಿದರೆ ಎರಡು ದಿನದ ಕೆಲಸ.

ಬಡಗಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅರ್ಧಂಗುಲದವರು ನೆಟ್ಟಗಾದರು. ಬಡಗಿಗೂ ಅವರಿಗೂ ಮೂವತ್ತು ವರ್ಷದ ಸ್ನೇಹ, ಅಷ್ಟೇ ವರ್ಷದ ತಕರಾರು. ಒಮ್ಮೆ ಹೊಲಿದುಕೊಟ್ಟ ಷರಟಿನ ತೋಳಿನಲ್ಲಿ ಇನ್ನೊಂದು ಕೈಗೂ ಜಾಗವಿದೆ ಎಂದು ಆತ ನಾಲ್ಕು ಜನರ ಮುಂದೆ ಹೇಳಿದ್ದ. ಕತ್ತರಿಸುವುದು, ಜೋಡಿಸುವುದು; ಬಟ್ಟೆಯಾದರೇನು, ಹಲಗೆಯಾದರೇನು? ಪೆಟ್ಟಿಗೆಯನ್ನು ತಾವೇ ಮಾಡುವುದಾಗಿ ಅರ್ಧಂಗುಲದವರು ಘೋಷಿಸಿದರು.

ಆಕೆಗೆ ತಂಗಿಯ ಮನೆಗೆ ಹನ್ನೆರಡು ದಿನ ಹೋಗುವುದಿತ್ತು. ಡಬ್ಬಗಳಲ್ಲಿ ಎಬ್ಬಿಸಿದ ಸಸಿಗಳು ಗೇಣುದ್ದವಾಗಿದ್ದವು. ಇನ್ನು ತಡವಾದರೆ ಡಬ್ಬದಲ್ಲೇ ಮುದಿಯಾಗುತ್ತವೆ. ಬರುವಷ್ಟರಲ್ಲಿ ಪೆಟ್ಟಿಗೆ ಸಿದ್ಧವಿರದಿದ್ದರೆ ಸಸಿಗಳನ್ನೆಲ್ಲ ಬಡಗಿಯ ಹೆಂಡತಿಗೆ ಕೊಟ್ಟುಬಿಟ್ಟು, ಈ ಜನ್ಮಕ್ಕೆ ತೋಟದ ಆಸೆ ಸಾಕು ಎಂದು ಕೈತೊಳೆದುಕೊಳ್ಳುವುದಾಗಿ ಹೇಳಿದರು. ಬೆದರಿಕೆಯ ದನಿಯಲ್ಲಿ ಹೇಳಿದ್ದರೆ ಗಂಡನಿಗೆ ಅಷ್ಟು ನಾಟುತ್ತಿರಲಿಲ್ಲ. ಆಕೆ ಸಪ್ಪಗೆ ಹೇಳಿದರು. ಬಾಗಿಲಲ್ಲಿ ಚೀಲವನ್ನು ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತರು.

"ಒಂದ್ಸಲ ಎತ್ತರ ಅಳೆದುಕೊಂಡುಬಿಡಿ ರೀ."

"ನಲವತ್ತು ವರ್ಷ ಅಳತೆ ತಗೊಂಡವನಿಗೆ ನಿನ್ನ ಅಳತೆ ಬೇರೆ ತಗೋಬೇಕೇನೇ? ಕಣ್ಣಲ್ಲೇ ಇದೆ. ಹೋಗು, ಬಸ್ಸು ತಪ್ಪುತ್ತೆ," ಎಂದರು ಅರ್ಧಂಗುಲದವರು, ಟೇಪನ್ನು ಹುಡುಕುತ್ತ. (ಅದು ಅವರ ಕುತ್ತಿಗೆಯಲ್ಲೇ ಇತ್ತು.)

ಹಲಗೆಗಳು ಬಂದವು. ಹಿತ್ತಲಲ್ಲಿ ಅವನ್ನು ಥಾನು ಬಿಚ್ಚಿದಂತೆ ಹರಡಿ, ಸುಣ್ಣದ ಬಿಲ್ಲೆಯಿಂದ ಗೀಟು ಹಾಕಿ, ಗರಗಸ ಹಿಡಿದರು. ಕೈಯ ಅಭ್ಯಾಸ ಬಿಡುತ್ತದೆಯೇ? ಪ್ರತಿ ಹಲಗೆಗೂ ಎರಡೂ ತುದಿಯಲ್ಲಿ ಅರ್ಧರ್ಧ ಅಂಗುಲ ಹೊಲಿಗೆಗೆ ಬಿಟ್ಟರು. ಮರವನ್ನು ಒಳಗೆ ಮಡಿಸಲು ಬರುವುದಿಲ್ಲ ಎಂಬ ಸತ್ಯ ಹೊಳೆಯುವಷ್ಟರಲ್ಲಿ ಇಪ್ಪತ್ತೆಂಟು ಹಲಗೆಗಳೂ ತುಂಡಾಗಿದ್ದವು. ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲೂ ತುದಿಗಳು ಕಿವಿಯಂತೆ ಹೊರಗೆ ಚಾಚಿಕೊಂಡವು. ಒಂದು ಸಾಲು ಮೊಳೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಹಲಗೆಗಳ ನಡುವೆ ಗೋಂದು ಬಳಿದು, ಬೆರಳಗಲಕ್ಕೊಂದರಂತೆ ಎರಡು ಸಾಲು ಹೊಡೆದರು. ಒಳಗೆ ಹಳೆಯ ದಪ್ಪ ಕ್ಯಾನ್ವಾಸಿನ ಲೈನಿಂಗು, ಅದೂ ಕೈಹೊಲಿಗೆಯದು. ಗೋಡೆಯಾಚೆಯಿಂದ ಬಡಗಿ ಇಣುಕಿ, ಜೇಬು ಎಲ್ಲಿಡುತ್ತೀರಿ ಎಂದು ವಿಚಾರಿಸಿದ. ಅರ್ಧಂಗುಲದವರು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು.

ಇನ್ನು ಎತ್ತರ. ಇಲ್ಲಿ ಅವರು ಬುದ್ಧಿ ಓಡಿಸಿದರು. ಈಗ ನಡುಮನೆಯಲ್ಲಿದ್ದ ಮೇಜಿನ ಮುಂದೆ ಅವರು ಅಂಗಡಿಯಲ್ಲಿ ಮೂವತ್ತು ವರ್ಷ ನಿಂತಿದ್ದರು. ಒಂದು ದಿನಕ್ಕೂ ಬೆನ್ನು ಬಾಗಿರಲಿಲ್ಲ, ಸೊಂಟ ಚುರುಕ್ ಎಂದಿರಲಿಲ್ಲ. ಅಂದಮೇಲೆ ಬೆನ್ನು ಬಾಗದ ಎತ್ತರ ಎಂಬುದೊಂದಿದ್ದರೆ ಅದು ಈ ಮೇಜಿನ ಎತ್ತರವೇ. ಅಳೆದರು, ಮೂರು ಅಡಿ ನಾಲ್ಕು ಅಂಗುಲ. ಕೆಳಮಡಿಕೆಗೆ ಇನ್ನೆರಡು ಅಂಗುಲ ಸೇರಿಸಿ ಮೂರೂವರೆ ಅಡಿ ಮಾಡಿದರು. ಎರಡು ಗಾಡಿ ಮಣ್ಣು ಹಿಡಿಯಿತು. ಹನ್ನೊಂದನೆಯ ದಿನ ಸಸಿಗಳನ್ನೂ ನೆಟ್ಟು, ನೀರು ಹಾಕಿ, ಪೆಟ್ಟಿಗೆಯ ಮುಂದೆ ನಿಂತು ನೋಡಿದರು. ಕೈ ತಾನಾಗಿ ಮಣ್ಣಿನ ಮೇಲೆ ಬಂತು. ಬೆನ್ನು ದೀಪದ ಕಂಬದಂತೆ ನೆಟ್ಟಗೆ. ಹೆಂಡತಿಯ ಮಂಡಿಗಳನ್ನು ನೆನೆದು ಅವರ ಕಣ್ಣು ತೇವವಾಯಿತಂತೆ.

ಮರುದಿನ ಆಕೆ ಬಂದರು. ಚೀಲವನ್ನೂ ಇಳಿಸದೆ ನೇರವಾಗಿ ಹಿತ್ತಲಿಗೆ ನಡೆದರು. ಅರ್ಧಂಗುಲದವರು ಪೆಟ್ಟಿಗೆಯ ಆಚೆ ಬದಿಯಲ್ಲಿ ಕೈಕಟ್ಟಿ, ಹೊಸ ಸೂಟು ಹಾಕಿಕೊಂಡ ಗಿರಾಕಿ ಕನ್ನಡಿಯ ಮುಂದೆ ತಿರುಗುವುದನ್ನು ಕಾಯುವವರಂತೆ ನಿಂತಿದ್ದರು. ಹೆಜ್ಜೆಯ ಸದ್ದೇನೋ ಹತ್ತಿರ ಬಂತು, ನಿಂತಿತು. ಟೊಮೇಟೊ ಸಸಿಗಳ ನಡುವೆ ಒಂದು ಬೈತಲೆ ಕಾಣಿಸಿತು. ಅದರ ಕೆಳಗೆ ಇರಬೇಕಾದ ಮುಖ ಕಾಣಿಸಲಿಲ್ಲ. ಆಮೇಲೆ ಆಕೆಯ ಗಲ್ಲದೆತ್ತರದ ಅಂಚನ್ನು ದಾಟಿ ಒಂದು ಕೈ ಮೇಲೆ ಬಂತು, ಅಂಗಡಿಯ ಕಟ್ಟೆಯ ಮೇಲಿನ ಮಿಠಾಯಿಯನ್ನು ಮಗು ತಡಕಾಡುವಂತೆ ಮಣ್ಣನ್ನು ತಡಕಾಡಿತು, ಒಂದು ಮೆಣಸಿನ ಎಲೆಯನ್ನು ಮುಟ್ಟಿತು, ವಾಪಸ್ಸು ಹೋಯಿತು.

ಅರ್ಧಂಗುಲದವರು ಕಟ್ಟಿದ ಕೈ ಬಿಚ್ಚಿ, ಒಂದು ಸ್ಟೂಲು ಮಾಡಿಕೊಡುವುದಾಗಿ ಮೆಲ್ಲಗೆ ಹೇಳಿದರು.

"ಮಂಡಿ ನೋವು ಅಂತ ಪೆಟ್ಟಿಗೆ," ಎಂದಿತು ಸಸಿಗಳ ಹಿಂದಿನ ದನಿ. "ಪೆಟ್ಟಿಗೆಗೆ ಸ್ಟೂಲು. ಸ್ಟೂಲು ಹತ್ತೋಕೆ ಯಾರ ಹೆಗಲು?"

ಉದ್ದವಾದದ್ದನ್ನು ಗಿಡ್ಡ ಮಾಡಬಹುದಲ್ಲ! ವೇದಾಂತ ನೆನಪಾಗಿ ಅರ್ಧಂಗುಲದವರು ಮೂವತ್ತು ವರ್ಷದ ಬಿಗುಮಾನವನ್ನು ಬದಿಗಿಟ್ಟು ಬಡಗಿಯನ್ನು ಕರೆದರು. ಆತ ಸುತ್ತಲೂ ನಡೆದ, ಕಿವಿಗಳನ್ನು ಹಿಡಿದು ಅಲ್ಲಾಡಿಸಿದ, ಮೊಳೆಗಳ ಸಾಲಿನ ಮೇಲೆ ಬೆರಳಾಡಿಸಿದ. ಗೋಂದು, ಎರಡು ಸಾಲು ಮೊಳೆ. ಬಿಚ್ಚಲು ಹೋದರೆ ಹಲಗೆ ಸೀಳುತ್ತದೆ, ಮಣ್ಣು ಕುಸಿಯುತ್ತದೆ, ಈಗ ತಾನೇ ಬೇರು ಬಿಟ್ಟ ಸಸಿಗಳು ಹೋಗುತ್ತವೆ ಎಂದ. ಆಮೇಲೆ ಈ ಎತ್ತರ ಎಲ್ಲಿಂದ ಬಂತು ಎಂದು ಕೇಳಿದ. ಅರ್ಧಂಗುಲದವರು ನಡುಮನೆಯ ಕಡೆಗೆ ಬೆರಳು ತೋರಿಸಿದರು. ಬಡಗಿ ಮೇಜನ್ನು ನೋಡಿದ. ಅವರನ್ನು ನೋಡಿದ. ನಗಲಿಲ್ಲ; ಅದೇ ಹೆಚ್ಚು ನೋಯಿಸಿತು.

"ದರ್ಜಿಗಳೇ, ಆ ಮೇಜು ಮಾಡಿಕೊಟ್ಟೋನು ನಾನು. ಅವತ್ತು ನಿಮ್ಮನ್ನ ಗೋಡೆಗೆ ನಿಲ್ಲಿಸಿ ಅಳತೆ ತಗೊಂಡಿದ್ದೆ, ಮರೆತ್ರಾ? ನಿಮ್ಮ ಪೆಟ್ಟಿಗೆ ಅಳತೆ ಏನೋ ಸರಿಯಾಗೇ ಇದೆ. ಗಿರಾಕಿ ಬೇರೆ, ಅಷ್ಟೆ."

ಆತ ಹೋದ ಮೇಲೆ ಆಕೆ ಪೆಟ್ಟಿಗೆಯನ್ನು ಸುತ್ತಿ ಗಂಡನಿದ್ದ ಬದಿಗೆ ಬಂದರು.

"ಇಡೀ ಬೀದಿಯ ಸೊಂಟ ನಿಮಗೆ ಬಾಯಿಪಾಠ," ಎಂದರು. "ನಾನು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತೆ. ತಿರುಗಿ ನೋಡಲಿಲ್ಲ ನೀವು."

ಸಸಿಗಳನ್ನು ಬಡಗಿಯ ಹೆಂಡತಿಗೆ ಕೊಡುವ ಮಾತು ಈಗ ಬರುತ್ತದೆ ಎಂದು ಅರ್ಧಂಗುಲದವರು ಕಾದರು. ಅದು ಬರಲಿಲ್ಲ. ಆಕೆ ಗಂಡನ ಬೆನ್ನನ್ನು ನೋಡಿದರು, ಪೆಟ್ಟಿಗೆಯ ಅಂಚನ್ನು ನೋಡಿದರು, ಮತ್ತೆ ಬೆನ್ನನ್ನು ನೋಡಿದರು. ಒಳಗೆ ಹೋಗಿ ಜಗಲಿಯ ಕುರ್ಚಿಯೊಂದನ್ನು ಎಳೆದು ತಂದು ನೆರಳಿನಲ್ಲಿ ಹಾಕಿದರು. ಗಂಡನ ಕುತ್ತಿಗೆಯಿಂದ ಟೇಪನ್ನು ಎಳೆದು ತಮ್ಮ ಕುತ್ತಿಗೆಗೆ ಹಾಕಿಕೊಂಡು ಕುಳಿತರು.

"ಮೆಣಸಿನ ಗಿಡ ಹತ್ತಿರ ಹತ್ತಿರ ಆಗಿವೆ. ಕಿತ್ತು ಸರಿಯಾಗಿ ನೆಡಿ."

ಈಗ ಆ ತೋಟ ಚೆನ್ನಾಗಿ ಬಂದಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅರ್ಧಂಗುಲದವರು ಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತು ಕಳೆ ಕೀಳುತ್ತಾರೆ, ಹುಳು ಹೆಕ್ಕುತ್ತಾರೆ. ಬೆನ್ನು ನೋವೆಂದು ತಪ್ಪಿಸಿಕೊಳ್ಳುವ ದಾರಿಯನ್ನು ತಮ್ಮ ಕೈಯಾರೆ ಮುಚ್ಚಿಕೊಂಡಿದ್ದಾರೆ. ಪೆಟ್ಟಿಗೆಯ ಒಂದು ಕಿವಿಗೆ ಆಕೆಯ ಕೈಚೀಲ, ಇನ್ನೊಂದಕ್ಕೆ ಛತ್ರಿ. ಮೂಲಂಗಿಯ ಸಾಲು ಸೊಟ್ಟಗಾದರೆ ಆಕೆ ಕುರ್ಚಿಯಿಂದಲೇ ಟೇಪನ್ನು ಎಸೆಯುತ್ತಾರೆ. ಅವರು ಅಳೆದು, ಎಷ್ಟು ತಪ್ಪಿದೆ ಎಂದು ತಾವೇ ಒಪ್ಪಿಕೊಂಡು, ಟೇಪನ್ನು ಹಿಂದಿರುಗಿಸುತ್ತಾರೆ.

ಮೊನ್ನೆ ನಾನು ಹೋದಾಗಲೂ ಇಬ್ಬರೂ ಹಿತ್ತಲಲ್ಲೇ ಇದ್ದರು. ನನ್ನನ್ನು ಕಂಡು ಅರ್ಧಂಗುಲದವರಿಗೆ ಧೈರ್ಯ ಬಂದಿರಬೇಕು. ಬೆವರು ಒರೆಸಿಕೊಂಡು, ಟೀ ಯಾವಾಗ ಸಿಗುತ್ತದೆ ಎಂದು ಹೆಂಡತಿಯನ್ನು ಕೇಳಿದರು.

"ಬುಧವಾರ," ಎಂದರು ಆಕೆ, ಹುರುಳಿಕಾಯಿಯ ನಾರು ತೆಗೆಯುತ್ತ.

ಅಂದು ಗುರುವಾರ. ಅರ್ಧಂಗುಲದವರು ಮತ್ತೆ ಕಳೆಯ ಕಡೆಗೆ ತಿರುಗಿದರು.