ತೊಂಬತ್ತನಾಲ್ಕು ಕಿಲೋ ಸತ್ಯ

ಬೆಳಗ್ಗೆ ಆರಕ್ಕೆ ಫರ್ವಾನಿಯಾದ ತನ್ನ ಕಟ್ಟಡದ ಕೆಳಗೆ ಕಂಪನಿ ಬಸ್ಸಿಗೆ ಕಾಯುತ್ತಿದ್ದ ಚನ್ನಪ್ಪನ ಮೊಬೈಲಿಗೆ ಟ್ರಾವೆಲ್ ಏಜೆನ್ಸಿಯ ತೃಪ್ತಿ ಮೇಡಂ ಕಡೆಯಿಂದ, ಯಾತ್ರಿಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂದೇಶ ಬಂತು.

"ನೇಪಾಳದ ಮುಕ್ತಿನಾಥ ಯಾತ್ರಿಕರ ಗಮನಕ್ಕೆ. ಬೆಟ್ಟದ ಮೇಲಿನ ಎತ್ತರದ ವಿಮಾನ ನಿಲ್ದಾಣವಾದ್ದರಿಂದ ಏರ್‌ಲೈನ್‌ನವರು ರೂಟನ್ನೂ ವಿಮಾನವನ್ನೂ ಬದಲಿಸಿದ್ದಾರೆ. ಕಠ್ಮಂಡುವಿನಿಂದ ಹೋಗಬೇಕಿದ್ದ ದೊಡ್ಡ ವಿಮಾನ ಇಲ್ಲ. ಪೋಖರಾದಿಂದ ಸಣ್ಣ ವಿಮಾನ. ಪ್ರತಿಯೊಬ್ಬರೂ ತಮ್ಮ ತೂಕವನ್ನು ಇಂದು ಸಂಜೆ ನಾಲ್ಕರೊಳಗೆ ತಿಳಿಸಿ. ಒಟ್ಟು ತೂಕ ಮೀರಿದರೆ ಎಲ್ಲರಿಗೂ ಸೀಟು ಸಿಗುವುದಿಲ್ಲ."

ಚನ್ನಪ್ಪ ಅದನ್ನು ಮೂರು ಸಲ ಓದಿದ. ಹತ್ತೊಂಬತ್ತು ವರ್ಷದ ಕುವೈತ್ ವಾಸದಲ್ಲಿ ಅವನ ಸೂಟ್‌ಕೇಸಿನ ತೂಕ ಕೇಳಿದವರು ಬೇಕಾದಷ್ಟು ಜನ. ಅವನದೇ ತೂಕ ಕೇಳಿದವರು ಇವರೇ ಮೊದಲು.

ಸಬ್ಹಾನಿನ ರೊಟ್ಟಿ ಕಾರ್ಖಾನೆಯಲ್ಲಿ ಅವನು ಓವನ್ ರಿಪೇರಿ ಮಾಡುವ ಮೆಕ್ಯಾನಿಕ್. ಬೇಸಿಗೆಯಲ್ಲಿ ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಅದಕ್ಕೆ ಲೆಕ್ಕವೇ ಇಲ್ಲ. ಈ ಜನ್ಮದಲ್ಲಿ ಒಮ್ಮೆ ಹಿಮವನ್ನು ಎರಡು ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಎಂಟು ವರ್ಷ ಬೇಡಿದ ಮೇಲೆ ಹತ್ತು ದಿನ ರಜೆ ಸಿಕ್ಕಿತ್ತು. ಮುಂದಿನ ವಾರ ಹೆಂಡತಿ ನೀಲವ್ವನೊಂದಿಗೆ ಹದಿನಾರು ಜನರ ತಂಡದಲ್ಲಿ ಹೊರಡುವುದಿತ್ತು. ಈಗ ನೋಡಿದರೆ ಮೈಯೇ ಅಡ್ಡ ಬರುವ ಹಾಗಿತ್ತು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಮೊದಲು ಒಂದು ಹೊಟ್ಟೆ ಬಂತು, ಹಿಂದಿನಿಂದ ಎದುರು ಮನೆಯ ಸುಂದರ ಬಂದ. ಮಂಗಳೂರು ಕಡೆಯವನು, ಹೋಟೆಲೊಂದರಲ್ಲಿ ಕ್ಯಾಷಿಯರ್, ಅದೇ ತಂಡದ ಯಾತ್ರಿಕ.

"ಎಂತ ಚನ್ನಪ್ಪಣ್ಣ, ಮೆಸೇಜ್ ನೋಡಿದ್ರಾ? ನಾನು ಎಪ್ಪತ್ತೆರಡು ಅಂತ ಹಾಕಿಯೂ ಆಯ್ತು."

"ಎಪ್ಪತ್ತೆರಡ? ನೀವ?"

"ಊರಿಗೆ ಹೋಗುವಾಗ ಮೂವತ್ತು ಕೆ.ಜಿ. ಅಂತ ಹೇಳಿ ನಲ್ವತ್ತು ತೆಗೊಂಡು ಹೋಗುವುದಿಲ್ವಾ? ಮೈಮೇಲೆ ನಾಲ್ಕು ಶರ್ಟು, ಜೇಬಲ್ಲಿ ಹಾಲಿನ ಪುಡಿ. ಇದೂ ಹಾಗೆಯೇ. ಹೆಚ್ಚು ಹೇಳಿದವನನ್ನೇ ಬಿಟ್ಟು ಹೋಗುವುದು ಮಾರಾಯ್ರೆ. ನೀವು ಎಪ್ಪತ್ತನಾಲ್ಕು ಹಾಕಿ."

ಚನ್ನಪ್ಪ ಎಪ್ಪತ್ತನಾಲ್ಕು ಎಂದು ಬರೆದು ಕಳಿಸಿ ತಲೆಯೆತ್ತಿದ. ಕಂಪನಿ ಬಸ್ಸು ಅವನನ್ನು ಬಿಟ್ಟು ಸಿಗ್ನಲ್ ದಾಟುತ್ತಿತ್ತು.

ಪುಣ್ಯಕ್ಕೆ ಮೂರನೇ ಮಹಡಿಯ ವಿವೇಕ ಕಾರು ತೆಗೆಯುತ್ತಿದ್ದ. ಅವನೂ ಬಾಗಲಕೋಟೆ ಕಡೆಯ ಹುಡುಗ, ತೈಲ ಕಂಪನಿಯಲ್ಲಿ ಇಂಜಿನಿಯರ್. ದಾರಿಯಲ್ಲಿ ವಿಷಯ ಕೇಳಿದವನೇ ಗಕ್ಕನೆ ಬ್ರೇಕ್ ಒತ್ತಿದ.

"ಕಾಕಾ, ಏನ್ ಮಾಡಿದ್ರಿ ಇದು? ಅಷ್ಟ ಎತ್ತರದಾಗ ಗಾಳಿ ತೆಳ್ಳಗಿರ್ತೈತಿ. ರೆಕ್ಕಿಗೆ ಹಿಡಿತ ಸಿಗಂಗಿಲ್ಲ. ಅದಕ್ಕ ವಿಮಾನ ಚೇಂಜ್ ಮಾಡ್ಯಾರ. ನೀವು ತೂಕ ಮುಚ್ಚಿಟ್ರ ಅವರ ಕ್ಯಾಲ್ಕುಲೇಶನ್ ಎಲ್ಲಾ ರಾಂಗ್. ರನ್‌ವೇ ಮುಗಿದ್ರೂ ವಿಮಾನ ಏಳಂಗಿಲ್ಲ."

"ಏಳದಿದ್ರ?"

"ಮುಂದ ಗುಡ್ಡ."

ಚನ್ನಪ್ಪ ಮತ್ತೆ ಮೊಬೈಲು ತೆಗೆದ. "ಹಂಗಾರ ಎಷ್ಟ ಹೇಳ್ಲಪಾ?"

"ಸೇಫ್ಟಿಗಂತ ಹತ್ತು ಜಾಸ್ತಿನ ಹೇಳ್ರಿ."

ಚನ್ನಪ್ಪ ಮೊದಲಿನದನ್ನು ಅಳಿಸಿ, ಅಂದಾಜಿನ ಮೇಲೆ ನೂರ ನಾಲ್ಕು ಎಂದು ಬರೆದ. ಕಾರ್ಖಾನೆ ಮುಟ್ಟಿ ಓವನ್ನಿನೊಳಗೆ ಅರ್ಧ ತೂರಿಕೊಂಡಿದ್ದಾಗ ಸುಂದರನ ಫೋನು ಬಂತು.

"ನೂರ ನಾಲ್ಕಾ? ನಿಮಗೆ ಮಂಡೆ ಸಮ ಉಂಟಾ? ನೀವು ಕೆಳಗೆ, ನಿಮ್ಮ ಹೆಂಡತಿ ಮೇಲೆ! ಬೇಗ ಅಳಿಸಿ!"

ಚನ್ನಪ್ಪ ಹೊರಬಂದು ಅದನ್ನೂ ಅಳಿಸಿದ. ಇಬ್ಬರ ಮಾತೂ ಉಳಿಯಲಿ ಎಂದು ಎಂಬತ್ತು ಬರೆದ. ಯಾವ ಲೆಕ್ಕದಲ್ಲಿ ಎಂಬತ್ತು ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಗುಡ್ಡ, ತೆರೆದರೆ ಖಾಲಿ ಸೀಟು ಕಾಣುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನೀಲವ್ವ ಫೋನ್ ಮಾಡಿದಳು. ಚನ್ನಪ್ಪ ಬೆಳಗಿನಿಂದ ನಡೆದದ್ದನ್ನೆಲ್ಲ ತೋಡಿಕೊಂಡ.

"ದೇವರ ಕಡೆ ಹೊಂಟೀವಿ. ಅಲ್ಲಿಗೂ ಸುಳ್ಳ ಹೇಳಿ ಹೋಗೂದೇನ್ರಿ?" ನೀಲವ್ವ ಗದರಿದಳು. "ನಿಮ್ಮ ಸುಳ್ಳಿಗೆ ವಿಮಾನ ಬಿದ್ರ ಅಷ್ಟೂ ಮಂದಿ ಪಾಪ ನಿಮ್ಮ ತಲಿ ಮ್ಯಾಲೆ. ಸುಮ್ನ ಖರೇ ಹೇಳ್ರಿ."

ಆ ಮಾತು ಚನ್ನಪ್ಪನ ಎದೆಗೆ ನಾಟಿತು. ಎಪ್ಪತ್ತನಾಲ್ಕನ್ನೂ ನೂರ ನಾಲ್ಕನ್ನೂ ಅಳಿಸಿದವನು ಎಂಬತ್ತನ್ನೂ ಅಳಿಸಿದ. ಖರೇ ಹೇಳಲು ತಯಾರೇ, ಆದರೆ ಖರೇ ಎಷ್ಟು? ಅವನು ಕೊನೆಯ ಸಲ ತಕ್ಕಡಿ ಹತ್ತಿದ್ದು ವೀಸಾ ಮೆಡಿಕಲ್‌ಗೆ. ಆಗ ಐವತ್ತೆಂಟಿತ್ತು.

ಕಾರ್ಖಾನೆಯಲ್ಲಿದ್ದದ್ದು ಮೈದಾ ಚೀಲ ತೂಗುವ ಯಂತ್ರ ಒಂದೇ. ಉಗ್ರಾಣದ ಸ್ಯಾಮುವೆಲ್ ಉಡುಪಿಯವನು, ಆಗುವುದಿಲ್ಲ ಎಂದು ಯಾರಿಗೂ ಹೇಳಿದವನಲ್ಲ.

"ಹತ್ತಿ ನಿಲ್ಲಿ ಚನ್ನಪ್ಪಣ್ಣ. ಅಲ್ಲಾಡಬೇಡಿ. ಚೀಲದ ಹಾಗೆ ನಿಲ್ಲಿ."

ಚನ್ನಪ್ಪ ಬೂಟು, ಬೆಲ್ಟು, ಜೇಬಿನ ಸ್ಪ್ಯಾನರು ಎಲ್ಲ ತೆಗೆದಿಟ್ಟು ಉಸಿರು ಹಿಡಿದು ನಿಂತ. ಯಂತ್ರ ಕಿರ್ರೆಂದು ಚೀಟಿ ಕಕ್ಕಿತು. ಮೈದಾ, ತೊಂಬತ್ತನಾಲ್ಕು ಕಿಲೋ, ಆರು ತಿಂಗಳೊಳಗೆ ಬಳಸಿರಿ.

ಅದೇ ಹೊತ್ತಿಗೆ ಬಾಗಿಲಲ್ಲಿ ಮುದೀರ್ ಕಾಣಿಸಿಕೊಂಡ. ಕಾರ್ಖಾನೆಯ ಮ್ಯಾನೇಜರ್ ಎಂದರೆ ಅವನೇ. ಬರಿಗಾಲಲ್ಲಿ, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ತಕ್ಕಡಿಯ ಮೇಲೆ ನಿಂತ ಮೆಕ್ಯಾನಿಕ್ಕನ್ನು ಕಂಡು "ಶಿನು ಹಾದಾ?" ಎಂದ. ಏನಿದು ಎಂದು ಕೇಳಿದರೆ ಚನ್ನಪ್ಪ ಏನೆಂದಾನು? ಹಿಮಾಲಯ, ತೆಳ್ಳಗಿನ ಗಾಳಿ, ಸಣ್ಣ ವಿಮಾನ ಎಂದು ಅರಬ್ಬಿ, ಹಿಂದಿ, ಕೈಸನ್ನೆ ಎಲ್ಲ ಸೇರಿಸಿ ವಿವರಿಸಿದ. ಅದರಿಂದ ಮುದೀರನಿಗೆ ತಿಳಿದದ್ದು ಒಂದೇ. ಆ ಚೀಟಿಯ ದೆಸೆಯಿಂದ ಕಂಪ್ಯೂಟರಿನಲ್ಲಿ ತೊಂಬತ್ತನಾಲ್ಕು ಕಿಲೋ ಮೈದಾ ಹೆಚ್ಚಿಗೆ ದಾಖಲಾಗಿತ್ತು. ಹೆಡ್ ಆಫೀಸಿಗೆ ಉತ್ತರ ಕೊಡಬೇಕಾದವನು ಅವನು.

"ಎಲ್ಲ ಚೀಲ ಎಣಿಸಿ. ಯಲ್ಲಾ, ಬೇಗ!"

ಚನ್ನಪ್ಪನೂ ಸ್ಯಾಮುವೆಲ್ಲನೂ ಸೇರಿ ಎರಡು ಗಂಟೆ ಚೀಲ ಎಣಿಸಿದರು. ತಲೆಯಿಂದ ಕಾಲಿನವರೆಗೆ ಬಿಳಿ ಹಿಟ್ಟು ಮೆತ್ತಿದ ಚನ್ನಪ್ಪ ಹಿಮದಲ್ಲಿ ಹೊರಳಿ ಬಂದವನಂತೆ ಕಾಣುತ್ತಿದ್ದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಬೆರಳು ಒರೆಸಿಕೊಂಡು 'ತೊಂಬತ್ತನಾಲ್ಕು' ಎಂದು ಬರೆದು, ಸಾಕ್ಷಿಗೆ ಚೀಟಿಯ ಫೋಟೋ ಕೂಡ ಸೇರಿಸಿ ಕಳಿಸಿದ. ಬೆಳಗಿನಿಂದ ಮೊದಲ ಬಾರಿಗೆ ಅವನ ಮನಸ್ಸು ಹಗುರಾಯಿತು. ಸತ್ಯ ಹೇಳಿದ ಸುಖವೇ ಬೇರೆ ಅನ್ನಿಸಿತು.

ಸಂಜೆ ಏಳಕ್ಕೆ ಪಟ್ಟಿ ಬಂತು. ಹದಿನೈದು ಹೆಸರಿದ್ದವು, ಚನ್ನಪ್ಪನದು ಇರಲಿಲ್ಲ. ಅವನು ನೀಲವ್ವನನ್ನು ಕರೆದುಕೊಂಡು ಓಡುತ್ತಲೇ ಪಕ್ಕದ ರಸ್ತೆಯ ಏಜೆನ್ಸಿಗೆ ಹೋದ. ಏನಾಗುತ್ತದೋ ನೋಡೋಣ ಎಂದು ಸುಂದರನೂ ಹಿಂದೆ ಬಂದ.

"ಒಟ್ಟು ತೂಕ ಒಬ್ಬರಷ್ಟು ಜಾಸ್ತಿ ಆಯ್ತು ಸರ್," ತೃಪ್ತಿ ಮೇಡಂ ಕಂಪ್ಯೂಟರ್ ನೋಡುತ್ತ ಹೇಳಿದಳು. "ಅದಕ್ಕೆ ಎಲ್ಲರಿಗಿಂತ ಭಾರದವರನ್ನ ಏರ್‌ಲೈನ್‌ನವರು ಬಿಟ್ಟಿದ್ದಾರೆ. ನಿಮ್ಮದು ನೂರಾ ಹತ್ತೊಂಬತ್ತು."

"ನೂರಾ ಹತ್ತೊಂಬತ್ತ? ನಾ ತೊಂಬತ್ತನಾಲ್ಕು ಬರದೇನ್ರಿ!"

"ಬರೆದಿದ್ರಿ. ಹನ್ನೆರಡು ವರ್ಷದಿಂದ ಕುವೈತಲ್ಲಿ ನಮ್ಮ ಜನಕ್ಕೆ ಟಿಕೆಟ್ ಮಾಡ್ತಿದ್ದೀನಿ ಸರ್. ತೂಕ ಕೇಳಿದ್ರೆ ಒಬ್ಬರೂ ನಿಜ ಹೇಳಲ್ಲ. ವಿಮಾನದ ವಿಷಯ, ರಿಸ್ಕ್ ಬೇಡ ಅಂತ ಗಂಡಸರಿಗೆಲ್ಲ ನಾನೇ ಇಪ್ಪತ್ತೈದು ಸೇರಿಸಿ ಕಳಿಸ್ದೆ."

"ನಂದು ಖರೇನ ಇತ್ರಿ! ಚೀಟಿ ಕಳಿಸಿದ್ನಲ್ಲ!"

"ಅದು ಮೈದಾ ಚೀಟಿ ಅಲ್ವಾ? ಯಾರಿಗೋ ಕಳಿಸೋದು ಗ್ರೂಪಿಗೆ ಬಂತು ಅಂದ್ಕೊಂಡೆ. ಮೂರು ಸಲ ಬರೆದು ಡಿಲೀಟ್ ಮಾಡಿದವರನ್ನ ಹೇಗೆ ನಂಬೋದು ಹೇಳಿ?"

ಚನ್ನಪ್ಪ ಸುಂದರನ ಹೊಟ್ಟೆಯನ್ನು ದಿಟ್ಟಿಸಿದ. "ಇವರದೆಷ್ಟಾತು?"

"ತೊಂಬತ್ತೇಳು. ಕನ್ಫರ್ಮ್."

"ಬೇಜಾರು ಮಾಡಬೇಡಿ ಚನ್ನಪ್ಪಣ್ಣ," ಎಂದ ಸುಂದರ. "ಹಿಮ ಬೇಕಾದ್ರೆ ಫ್ಲಾಸ್ಕಲ್ಲಿ ತರ್ತೇನೆ."

ಪಟ್ಟಿ ತಿದ್ದುವಂತಿರಲಿಲ್ಲ. ಚನ್ನಪ್ಪ ಪೋಖರಾದವರೆಗೆ ಬರಬಹುದು. ಸಣ್ಣ ವಿಮಾನಕ್ಕೆ ಸೂಟ್‌ಕೇಸ್ ಹಾಕುವುದಿಲ್ಲವಾದ್ದರಿಂದ ಹದಿನೈದು ಜನರ ಸಾಮಾನು ಕಾಯಲು ಹೋಟೆಲಿನಲ್ಲಿ ಒಬ್ಬರು ಬೇಕಾಗಿದ್ದರು, ಅದಕ್ಕೂ ಅವನೇ ಸರಿಹೋದ ಎಂದು ತೃಪ್ತಿ ಮೇಡಂ ಸಮಾಧಾನ ಹೇಳಿದಳು.

ಮೆಟ್ಟಿಲಿಳಿಯುವಾಗ ಚನ್ನಪ್ಪನಿಗೆ ಅಳುವೇ ಬಂದಂತಾಯಿತು. ತಟ್ಟನೆ ಏನೋ ಹೊಳೆದು ನಿಂತ.

"ನೀಲಾ, ನೀ ಎಷ್ಟ ಹೇಳಿದ್ದಿ?"

"ಐವತ್ತ. ಮುಂಜಾನೆನ ಫೋನ್ ಮಾಡಿ ಹೇಳೀನಿ."

"ಐವತ್ತ? ಮತ್ತ ನನಗ ಖರೇ ಹೇಳ್ರಿ ಅಂತ ಅಷ್ಟ ಬೈದ್ಯಲ್ಲ!"

"ಅಲ್ರೀ," ನೀಲವ್ವ ಸೆರಗು ಸರಿಪಡಿಸಿಕೊಂಡಳು, "ಮನ್ಯಾಗ ಇಬ್ಬರೂ ಸುಳ್ಳ ಹೇಳಿದ್ರ ವಿಮಾನ ಮ್ಯಾಲೆ ಏಳೂದು ಹ್ಯಾಂಗ್ರಿ?"