ಜನರಲ್ ಸಾಹೇಬರಿಗೆ ನಮ್ಮತ್ತೆಯ ಪ್ರಶ್ನೆ

ಸಮವಸ್ತ್ರ ಕಂಡರೆ ನನ್ನ ಬೆನ್ನು ತಾನಾಗಿಯೇ ಬಾಗುತ್ತದೆ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರಿಗೆ ಹೆದರುತ್ತಿದ್ದೆ. ಡಾಟ್‌ಕಾಂ ಕಾಲದ ಭರಾಟೆಯಲ್ಲಿ ಅಮೆರಿಕದ ಡಬ್ಲಿನ್ನಿಗೆ ಬಂದ ಮೇಲೆ ಅಂಚೆಯವನಿಗೂ ಹೆದರತೊಡಗಿದೆ. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಯಾರದೋ ಮೇಜಿನ ಮೇಲೆ ಮಲಗಿತ್ತು ನೋಡಿ. ಇಂಥ ನಾನು ತುಂಬಿದ ಸಭೆಯಲ್ಲಿ ಅಮೆರಿಕದ ಜನರಲ್ ಸಾಹೇಬರೊಬ್ಬರನ್ನು ಪ್ರಶ್ನಿಸಬೇಕಾಗಿ ಬಂದದ್ದು ಅತ್ತೆಯವರ ದೆಸೆಯಿಂದ.

ಅತ್ತೆ ಜಯಮ್ಮನವರು ಮಂಡ್ಯದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತದೆ, ಆಡುವುದಿಲ್ಲ. ಸೈನ್ಯದಲ್ಲಿದ್ದ ಮಾವನವರು ತೀರಿಕೊಂಡು ವರ್ಷಗಳಾಗಿದ್ದವು. ಬೇಸಿಗೆ ಕಳೆಯಲು ಬಂದ ಅತ್ತೆಗೆ ಮಾಲ್ ತೋರಿಸಿದೆವು, ಸೇತುವೆ ತೋರಿಸಿದೆವು. ಪ್ರತಿ ಸಲವೂ "ಚೆನ್ನಾಗಿದೆ" ಎಂದು ಆಕಳಿಸಿದರು. ಕೊನೆಗೆ, "ಈ ಊರಲ್ಲಿ ಭಾಷಣ ಗೀಷಣ ಏನೂ ನಡೆಯಲ್ವೇನೇ?" ಎಂದು ಮಗಳನ್ನು ಕೇಳಿದರು. ನನ್ನ ಹೆಂಡತಿ ಸುಧಾ ಪೇಪರಿನಲ್ಲಿ ಹುಡುಕಿದಳು. ಹತ್ತಿರದ ಊರು ವಾಲ್ನಟ್ ಕ್ರೀಕಿನಲ್ಲಿ ರಕ್ಷಣಾ ಇಲಾಖೆಯ ಸುಧಾರಣೆಯ ಬಗ್ಗೆ ಸಾರ್ವಜನಿಕ ಸಭೆಯಿತ್ತು. "ನಂಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸು ಇದೆ, ನೀವೇ ಕರ್ಕೊಂಡು ಹೋಗಿ" ಎಂದಳು.

ಜನರಲ್ ಸಾಹೇಬರು ಎತ್ತರದ ಆಳು, ಎದೆ ತುಂಬ ಪದಕ. ಭೂಸೇನೆ, ನೌಕಾಪಡೆ, ವಾಯುಪಡೆಗಳು ಒಂದೇ ಸಾಮಾನನ್ನು ಬೇರೆ ಬೇರೆ ಆಫೀಸುಗಳಿಂದ ಕೊಳ್ಳುತ್ತವೆ, ಅವನ್ನೆಲ್ಲ ಒಂದು ಮಾಡಬೇಕು, ಬೇಡದ ನೆಲೆಗಳನ್ನು ಮುಚ್ಚಬೇಕು, ಉಳಿದ ಹಣದಲ್ಲಿ ಹೊಸ ವಿಮಾನ ಕೊಳ್ಳಬೇಕು ಎಂದರು. ಆಗ ಸ್ವೆಟರ್ ಹೆಣೆಯುತ್ತ ಕೂತಿದ್ದ ಮುದುಕಿಯೊಬ್ಬಳು ಎದ್ದು, ಆ ವಿಮಾನ ಶುದ್ಧ ದಂಡ ಎಂದುಬಿಟ್ಟಳು. ನಾನು ಬಾಗಿಲ ಕಡೆ ನೋಡಿದೆ. ಅವಳನ್ನು ಎಳೆದೊಯ್ಯಲು ಯಾರೂ ಬರಲಿಲ್ಲ. ಸಾಹೇಬರು ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಅಷ್ಟು ಪದಕಗಳು ಒಂದು ಹೆಣಿಗೆ ಕಡ್ಡಿಯ ಮುಂದೆ ಹೀಗೆ ವಿನಯದಿಂದ ನಿಲ್ಲುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆಯ ಕೈ ಮೇಲೆದ್ದಿತ್ತು.

"ನಾನು ಕೇಳ್ತೀನಿ, ನೀವು ಇಂಗ್ಲಿಷಲ್ಲಿ ಹೇಳಿ" ಎಂದರು. "ನಮ್ಮೆಜಮಾನ್ರು ಹಿಮದಲ್ಲಿ ಕಾವಲಿದ್ದಾಗ ಅಳತೆ ತಪ್ಪಿದ ಬೂಟು ಕೊಟ್ಟಿದ್ರು. ಒಳಗೆ ಪೇಪರ್ ತುರುಕಿಕೊಂಡು ನಡೆದು ಕಾಲ್ಬೆರಳು ಕಳ್ಕೊಂಡ್ರು. ಕೊಳ್ಳೋ ಆಫೀಸು ಒಂದಾದ್ರೂ ಇರ್ಲಿ, ಮೂರಾದ್ರೂ ಇರ್ಲಿ. ಹಾಕ್ಕೊಂಡು ನಡೆಯೋನನ್ನ ಕೇಳೋರು ಯಾರು?"

ಮನೆಯೊಳಗೂ ಕಾಲುಚೀಲ ಬಿಚ್ಚದ ಮಾವನವರನ್ನು ನಾನು ಶೋಕಿಯವರೆಂದು ತಿಳಿದಿದ್ದೆ. ಆದರೂ ಬಾಯಿಂದ ಹೊರಟದ್ದು, "ನಮ್ಮತ್ತೆಗೆ ತಮ್ಮ ಭಾಷಣ ಬಹಳ ಹಿಡಿಸಿತಂತೆ" ಎಂಬ ಇಂಗ್ಲಿಷ್ ವಾಕ್ಯ.

"ಅಯ್ಯೋ, ನಾನ್ಯಾವಾಗ ಹಾಗಂದೆ? ಸರಿಯಾಗಿ ಹೇಳಿ!"

ಕನ್ನಡ ಬಾರದ ಸಭೆಗೂ ಆ ದನಿ ಅರ್ಥವಾಗಿ ಎಲ್ಲರೂ ನಕ್ಕರು. ಎರಡನೆಯ ಸಲ ಸರಿಯಾಗಿ ಹೇಳಿದೆ. ನಗು ನಿಂತಿತು. ಜನರಲ್ ಸಾಹೇಬರು, "ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ ಮೇಡಂ. ಇರಬೇಕಿತ್ತು" ಎಂದರು. ಸಭೆ ಮುಗಿದ ಮೇಲೆ ಅವರೇ ನಮ್ಮಲ್ಲಿಗೆ ಬಂದು, ನಿಮ್ಮ ಯಜಮಾನರು ಎಲ್ಲಿದ್ದರು, ಎಷ್ಟು ಚಳಿಯಿತ್ತು ಎಂದು ವಿಚಾರಿಸಿದರು. ಅತ್ತೆ ಪಕ್ಕದ ಕುರ್ಚಿ ತಟ್ಟಿ, "ಕೂತ್ಕೊಳ್ಳಪ್ಪ" ಎಂದರು. ನಾನು ಅನುವಾದಿಸುವ ಮೊದಲೇ ಅವರು ಕೂತಿದ್ದರು. ಸೈನ್ಯವನ್ನೇ ನಡೆಸುವ ಮನುಷ್ಯ ತಲೆಬಾಗಿಸಿ, ಮಂಡ್ಯದ ಒಬ್ಬ ಸಿಪಾಯಿಯ ಕಾಲಿನ ಕಥೆ ಕೇಳುತ್ತಿದ್ದ.

ಕಾರು ಫ್ರೀವೇಯಲ್ಲಿ ಬಹಳ ದೂರ ಬಂದ ಮೇಲೆ ನಾನು ಬಾಯಿಬಿಟ್ಟೆ. "ಅತ್ತೆ, ಮಾವನ ಬೆರಳಿನ ವಿಷಯ ನಂಗೆ ಗೊತ್ತೇ ಇರ್ಲಿಲ್ಲ."

"ನೀವ್ಯಾವತ್ತು ಕೇಳಿದ್ರಿ?" ಎಂದರು, ಸಿಟ್ಟಿಲ್ಲದೆ.

ನನ್ನ ಹತ್ತಿರವೂ ಉತ್ತರವಿರಲಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಜನರಲ್ ಸಾಹೇಬರೇ ಆಗಿರಬೇಕೇನೋ. ನಾನು, "ಏಸಿ ಜಾಸ್ತಿ ಆಯ್ತಾ ಅತ್ತೆ?" ಎಂದೆ.