ಹಾಕಿ ಆಟಗಾರರಿಗೆ ವಯಸ್ಸಾಗಿಸುವ ನೌಕರಿ

ಕೆಲವರ ಕೆಲಸವೇ ಅಂಥದ್ದು, ನಗೆಪಾಟಲು ವಿಳಾಸ ಕೇಳಿಕೊಂಡು ಮನೆಗೇ ಬರುತ್ತದೆ. ನನ್ನದೂ ಹಾಗೇ. ಕೋಲ್ಕತ್ತಾದ ಒಂದು ಸಣ್ಣ ಕಂಪನಿಯಲ್ಲಿ ನಾವು ಹಾಕಿಯ ವಿಡಿಯೋ ಗೇಮ್ ಮಾಡುತ್ತೇವೆ. ಅದರಲ್ಲಿ ಒಂದು ಕ್ಲಬ್ ತಂಡ ಕಟ್ಟಿ ಮೂವತ್ತು ನಲವತ್ತು ಸೀಸನ್ ನಡೆಸಬಹುದು. ಅಷ್ಟರೊಳಗೆ ಹದಿನೇಳರ ಹುಡುಗ ಕಲಿತು ಮೇಲೆ ಬರಬೇಕು, ಮೂವತ್ತು ದಾಟಿದವನ ಕಾಲು ನಿಧಾನವಾಗಬೇಕು, ಕೊನೆಗೊಂದು ದಿನ ನಿವೃತ್ತನಾಗಬೇಕು. ಯಾವ ವಯಸ್ಸಿಗೆ ಏನು ಏರಬೇಕು, ಏನು ಇಳಿಯಬೇಕು ಅಂತ ಪಟ್ಟಿ ಬರೆಯುವುದು ನನ್ನ ಕೆಲಸ. ಆಫೀಸಿನಲ್ಲಿ ನನ್ನನ್ನು 'ಯಮಧರ್ಮ ಮೇಡಂ' ಅನ್ನುತ್ತಾರೆ. ಮೈಸೂರಲ್ಲಿ ನಮ್ಮಮ್ಮ ಮಾತ್ರ ನೆಂಟರ ಹತ್ತಿರ 'ಏನೋ ಕಂಪ್ಯೂಟರ್ ಕೆಲಸ' ಅಂತ ಹೇಳಿ ಮಾತು ತಿರುಗಿಸುತ್ತಾಳೆ.

ಎರಡು ವರ್ಷ ಕಮ್ಮಿ

ಲೇಕ್ ಮಾರ್ಕೆಟ್ಟಿನಲ್ಲಿ ನಾವು ಸಾರಿನಪುಡಿ, ಕಾಫಿಪುಡಿ ತರುವ ಅಂಗಡಿಯವರು ಕುಂದಾಪುರದ ಕಡೆಯವರು. ಒಂದು ದಿನ ಕರಿಬೇವು ಕಟ್ಟುತ್ತಾ ಕೇಳಿದರು, "ನಿಮ್ದು ಎಂತ ಕೆಲಸ ಮಾರಾಯ್ರೆ?"

"ಹಾಕಿ ಆಟಗಾರರ ವಯಸ್ಸು ನೋಡ್ಕೊಳ್ಳೋದು" ಅಂದೆ. ಪೂರ್ತಿ ವಿವರಿಸಲು ಪುರುಸೊತ್ತಿರಲಿಲ್ಲ, ಹಿಂದೆ ನಾಲ್ಕು ಜನ ಕಾಯುತ್ತಿದ್ದರು.

ಅವರ ಕೈ ನಿಂತಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನನ್ನ ಭಾವನ ಮಗ ಒಬ್ಬ ಹಾಕಿ ಆಡ್ತಾನೆ. ಹದಿನಾರರ ಒಳಗಿನ ಟೀಮಿಗೆ ಆಯ್ಕೆ ಉಂಟು. ಅವನಿಗೆ ಹದಿನೇಳೂವರೆ. ಒಂದೆರಡು ವರ್ಷ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

ನನಗೆ ನಗು ತಡೆಯಲಾಗಲಿಲ್ಲ. "ಇಲ್ಲ, ನಮ್ಮಲ್ಲಿ ವಯಸ್ಸು ಹೆಚ್ಚು ಮಾಡೋದು ಮಾತ್ರ, ಕಮ್ಮಿ ಮಾಡಲ್ಲ."

ಅವರು ಕರಿಬೇವಿನ ಕಟ್ಟಿಗೆ ಗಂಟು ಹಾಕಿದರು. "ಅಡ್ಡಿಲ್ಲ, ಹಾಗಾದ್ರೆ ನಂಗೇ ಎರಡು ವರ್ಷ ಹೆಚ್ಚು ಮಾಡಿಕೊಡಿ. ಮೆಟ್ರೋದಲ್ಲಿ ಹಿರಿಯರ ಸೀಟಲ್ಲಿ ಕೂತ್ರೆ ಎಬ್ಬಿಸ್ತಾರೆ."

ಯುವ ಪ್ರತಿಭೆ

ನನ್ನ ಮೊದಲ ಪಟ್ಟಿಯಲ್ಲಿ ಆಟಗಾರನ ವೇಗ ಇಪ್ಪತ್ತೆಂಟರಿಂದ ಇಳಿಯುತ್ತಿತ್ತು, ಅನುಭವ ಮಾತ್ರ ವರ್ಷವರ್ಷವೂ ಏರುತ್ತಿತ್ತು. ಸರಿಯಾಗೇ ಇದೆ ಅಂದುಕೊಂಡಿದ್ದೆ. ಆದರೆ ಗೋಲ್‌ಕೀಪರಿಗೆ ಓಡುವ ಕೆಲಸವಿಲ್ಲ, ಅನುಭವ ಒಂದಿದ್ದರೆ ಸಾಕು ಅಂತ ಕಂಪ್ಯೂಟರು ತೀರ್ಮಾನಿಸಿತು. ಅನುಭವಕ್ಕೆ ಮಿತಿ ಹಾಕುವುದನ್ನು ನಾನು ಮರೆತಿದ್ದೆ.

ನಲವತ್ತು ಸೀಸನ್ ಓಡಿಸಿ ನೋಡಿದಾಗ ದೇಶದ ಅತ್ಯುತ್ತಮ ಗೋಲ್‌ಕೀಪರಿಗೆ ಅರವತ್ತೊಂದು ವರ್ಷ. ಅವನ ಹೆಸರಿನ ಪಕ್ಕದಲ್ಲಿ ಇನ್ನೂ ಹಸಿರು ಬಾಣ, ಕೆಳಗೆ 'ಬೆಳೆಯುತ್ತಿರುವ ಯುವ ಪ್ರತಿಭೆ' ಎಂಬ ಬರಹ.

ನಮ್ಮ ಬಾಸ್ ಪರದೆಯ ಹತ್ತಿರ ಬಗ್ಗಿ ಆ ಬರಹವನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಾನು ಹಾಕಿ ಗೇಮ್ ಮಾಡಿ ಅಂದಿದ್ದೆನೋ, ರಾಜಕೀಯ ಪಕ್ಷದ ಗೇಮ್ ಮಾಡಿ ಅಂದಿದ್ದೆನೋ?"

ಮೈದಾನ ಉದ್ದವಾಯಿತು

ಇದಾದ ಮೇಲೆ ಬಾಸು ನನ್ನ ಪಟ್ಟಿಯನ್ನು ನಂಬುವುದು ಬಿಟ್ಟರು. ನಿಜವಾಗಿ ಹಾಕಿ ಆಡಿದವರನ್ನು ಕೇಳಿ ಬರೆಯಿರಿ ಅಂದರು. ಹಾಗೆ ಸಿಕ್ಕವರು ದಾದಾ, ಬಂಗಾಳಿಯಲ್ಲಿ ಅಣ್ಣ ಅಂತ. ಅರವತ್ತೆಂಟು ವರ್ಷ, ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು, ಕೈಯಲ್ಲಿ ಸದಾ ಕೊಡೆ. ಇಲ್ಲಿಯ ಒಂದು ಕ್ಲಬ್ಬಿಗೆ ಹದಿನೇಳು ವರ್ಷ ಆಡಿದವರು. ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯಲ್ಲಿ ಅವರ ಮನೆ. ನಾನು ನೋಟ್‌ಬುಕ್ ಹಿಡಿದು ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು ಅಲ್ಲೇ ಕೂತರು. ಇಲ್ಲಿಯ ರೂಢಿಯಂತೆ ನಾನು ಅವರನ್ನು ಬೌದಿ, ಅಂದರೆ ಅತ್ತಿಗೆ, ಅಂತಲೇ ಕರೆದೆ.

"ದಾದಾ, ನಿಮ್ಮ ವೇಗ ಯಾವ ವಯಸ್ಸಿನಲ್ಲಿ ಕಮ್ಮಿಯಾಯ್ತು?"

"ಕಮ್ಮಿ ಆಗಲೇ ಇಲ್ಲ."

"ಅಂದ್ರೆ ಮೂವತ್ತೈದರಲ್ಲೂ ಇಪ್ಪತ್ತರಷ್ಟೇ ಓಡ್ತಿದ್ರಾ?"

"ನಾನು ಅಷ್ಟೇ ಓಡ್ತಿದ್ದೆ. ಅವರು ಮೈದಾನ ಉದ್ದ ಮಾಡಿದ್ರು."

ಗಂಭೀರವಾಗೇ ಹೇಳಿದರು. ನಾನೂ ಗಂಭೀರವಾಗೇ ಬರೆದುಕೊಂಡೆ. ಅವರು ಹಳೆಯ ಫೋಟೋ ತರಲು ಒಳಗೆ ಹೋದಾಗ ಬೌದಿ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಮೂವತ್ತೊಂದು ಅಂತ ಬರ್ಕೋ. ನಾನು ಗ್ಯಾಲರಿಯಲ್ಲಿ ಕೂತು ನೋಡ್ದೋಳು. ಅಲ್ಲೀವರೆಗೆ ಚೆಂಡು ತಪ್ಪಿದ್ರೆ ಹಿಂದೆ ಓಡೋರು. ಆಮೇಲೆ ನಿಂತಲ್ಲೇ ನಿಂತು ಬೇರೆಯವರಿಗೆ ಬೈಯೋಕೆ ಶುರು ಮಾಡಿದ್ರು."

ನಮ್ಮ ಗೇಮಿನಲ್ಲಿ ಇವತ್ತಿಗೂ ಮೂವತ್ತೊಂದಕ್ಕೆ ವೇಗ ನಾಲ್ಕು ಅಂಕ ಇಳಿಯುತ್ತದೆ, ಕೂಗಾಟ ಎಂಟು ಅಂಕ ಏರುತ್ತದೆ. ಆಡಿ ನೋಡಿದ ಹಳೆಯ ಆಟಗಾರರೆಲ್ಲ 'ಇದೊಂದು ಮಾತ್ರ ಅಚ್ಚುಕಟ್ಟು' ಅನ್ನುತ್ತಾರೆ.

ಮನೆ ತಂಡ

ನನ್ನ ಹತ್ತು ವರ್ಷದ ಮಗಳಿಗೆ ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ ಇಂಗ್ಲಿಷಿನಲ್ಲಿ ಬರುತ್ತದೆ. ಅವಳು ನನ್ನ ಪಟ್ಟಿ ನೋಡಿ ಮನೆಯವರಿಗೂ ಅಂಕ ಹಾಕಿದಳು. ಬ್ಯಾಂಕಿನಲ್ಲಿರುವ ನನ್ನ ಗಂಡನಿಗೆ ಸ್ಟ್ಯಾಮಿನಾ ಹನ್ನೆರಡು.

"ಹನ್ನೆರಡಾ? ದಿನಾ ಸಂಜೆ ಲೇಕ್ ಸುತ್ತ ವಾಕಿಂಗ್ ಹೋಗ್ತೀನಲ್ಲೇ!"

"ಅಪ್ಪಾ, ವಾಕಿಂಗ್ ನಹೀ. ಆಪ್ ಫುಚ್ಕಾ ಖಾನೆ ಜಾತೇ ಹೋ."

ನಮ್ಮ ಪಾನಿಪುರಿಗೆ ಇಲ್ಲಿ ಫುಚ್ಕಾ ಅನ್ನುತ್ತಾರೆ. ತಿನ್ನಲು ಹೋಗುವ ಗುಟ್ಟು ರಟ್ಟಾದ ಮೇಲೆ ಇವರು ಹುಳ್ಳಗೆ ನಕ್ಕು, "ನಿಮ್ಮಮ್ಮಂಗೆ ಎಷ್ಟು ಹಾಕಿದ್ದೀಯ?" ಅಂತ ಕೇಳಿದರು.

"ಅಮ್ಮಾ ಕಾ ಸ್ಪೀಡ್ ಥರ್ಟಿ. ಶೌಟಿಂಗ್ ನೈಂಟಿ ನೈನ್."

"ಯಾರೇ ಹೇಳಿದ್ದು ನಾನು ಕೂಗಾಡ್ತೀನಿ ಅಂತ!" ಅಂದೆ. ಅವಳು ಅದನ್ನು ಹೊಡೆದುಹಾಕಿ ನೂರು ಮಾಡಿದಳು.

ಶಾಲು

ದಾದಾರ ಮುಖ, ಹೆಸರು ಎರಡನ್ನೂ ಗೇಮಿಗೆ ಬಳಸುವುದೆಂದು ತೀರ್ಮಾನವಾಯಿತು. ಇಪ್ಪತ್ತರ ದಾದಾನನ್ನು ತಲೆ ತುಂಬಾ ಕೂದಲಿಟ್ಟು ತಯಾರಿಸಿದೆವು. ಅವರೇ ಆಫೀಸಿಗೆ ಬಂದು ಆಡಲು ಕೂತರು. ಇಪ್ಪತ್ತೈದರವರೆಗೆ ಚಪ್ಪಾಳೆ ತಟ್ಟಿಕೊಂಡು ಆಡಿದರು. ಮೂವತ್ತೊಂದರಲ್ಲಿ, "ಈ ಬಟನ್ ಕೆಟ್ಟಿದೆ, ಬೇರೆ ಕೊಡಿ" ಅಂದರು. ಮೂವತ್ನಾಲ್ಕಕ್ಕೆ ಪರದೆಯ ಮೇಲೆ 'ಆಟಗಾರ ನಿವೃತ್ತ' ಅಂತ ಒಂದು ಸಾಲು ಬಂತು. ಮರುಕ್ಷಣವೇ ಅವರ ನಂಬರಿನ ಅಂಗಿಯಲ್ಲಿ ಯಾವುದೋ ಹುಡುಗ ಓಡುತ್ತಿದ್ದ.

ದಾದಾ ಎದ್ದು ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಬೌದಿಯೇ ಫೋನ್ ಮಾಡಿ, "ಊಟ ಮಾಡ್ತಾರೆ, ಮಾತಾಡಲ್ಲ. ಏನು ಮಾಡಿದ್ರಿ ಇವರಿಗೆ?" ಅಂದರು.

ನಾನೂ ಬಾಸೂ ಸಂದೇಶ್ ಸಿಹಿಯ ಡಬ್ಬಿ ಹಿಡಿದು ಹೋದೆವು. ದಾದಾ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು, "ಕ್ಲಬ್ಬಿನವರು ಕೊನೆಗೆ ನನಗೊಂದು ಶಾಲು ಹೊದಿಸಿದ್ರು. ಕೈಗೆ ಹೂವು ಕೊಟ್ಟು ಆಯ್ಕೆ ಸಮಿತಿಗೂ ಸೇರಿಸ್ಕೊಂಡ್ರು. ನೀವು ಒಂದು ಸಾಲು ಬರೆದು ಆಚೆ ಹಾಕಿಬಿಟ್ರಿ."

 ಹಾಗೆ ಒಂದೇ ಸಾಲಿನಲ್ಲಿ ನಾನು ಎಷ್ಟು ಜನರನ್ನು ಮನೆಗೆ ಕಳಿಸಿದ್ದೆನೋ. ಆ ವಾರವೆಲ್ಲ ಕೂತು ಗೇಮಿಗೆ ಬೀಳ್ಕೊಡುಗೆ ಸಮಾರಂಭ ಸೇರಿಸಿದೆವು. ಶಾಲು, ಹೂವು, ಜನರ ಚಪ್ಪಾಳೆ ಎಲ್ಲಾ ಇತ್ತು. ದೊಡ್ಡ ಆಟಗಾರನಾದರೆ ಆಮೇಲೆ ಕ್ಲಬ್ಬಿನ ಆಯ್ಕೆ ಸಮಿತಿಯಲ್ಲಿ ಒಂದು ಜಾಗವನ್ನೂ ಕೊಟ್ಟೆವು.

ದಾದಾ, ಬೌದಿ ಇಬ್ಬರನ್ನೂ ಕರೆದು ತೋರಿಸಿದೆವು. ಪರದೆಯ ದಾದಾನಿಗೆ ಶಾಲು ಹೊದಿಸಿದಾಗ ಕುರ್ಚಿಯ ದಾದಾ ಕನ್ನಡಕ ತೆಗೆದು ಒರೆಸಿಕೊಂಡರು. ಬೌದಿ ಅವರ ತೋಳು ಮುಟ್ಟಿದರು. ಬಾಸು ನನ್ನ ಕಡೆ ನೋಡಿ ತಲೆಯಾಡಿಸಿದರು. ಎಲ್ಲಾ ಸರಿಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಮುಂದಿನ ಸೀಸನ್ನಿನ ತಂಡ ಪ್ರಕಟವಾಯಿತು. ನಾಯಕ: ದಾದಾ, ವಯಸ್ಸು ಮೂವತ್ತೈದು.

ನಾನು ಪಟ್ಟಿ ತೆಗೆದು ನೋಡಿದೆ. ನಿವೃತ್ತರ ಹೆಸರನ್ನು ಆಟಗಾರರ ಪಟ್ಟಿಯಿಂದ ತೆಗೆಯುವುದನ್ನೇ ಮರೆತಿದ್ದೆ. ಆಯ್ಕೆ ಸಮಿತಿಗೆ ಹೋದ ದಾದಾ ಅಷ್ಟೂ ಹೆಸರು ನೋಡಿ, ಎಲ್ಲರಿಗಿಂತ ಒಳ್ಳೆಯವನು ಅಂತ ತಮ್ಮನ್ನೇ ಆರಿಸಿಕೊಂಡಿದ್ದರು. ಮೂವತ್ತಾರರಲ್ಲೂ ಅವರೇ ನಾಯಕ. ಮೂವತ್ತೇಳರಲ್ಲೂ ಅವರೇ. ವೇಗ ಹತ್ತೊಂಬತ್ತು, ಕೂಗಾಟ ತೊಂಬತ್ತಾರು.

ಬಾಸು ಕೈಮುಗಿದು ಎದ್ದು ನಿಂತರು. "ದೊಡ್ಡ ತಪ್ಪಾಗಿದೆ ದಾದಾ. ಇವತ್ತೇ ಸರಿ ಮಾಡಿಸ್ತೀವಿ."

ದಾದಾ ತಿರುಗುವ ಫ್ಯಾನನ್ನು ನೋಡುತ್ತಾ ಕೂತಿದ್ದರು. ಬೌದಿಗೆ ಮಾತ್ರ ನಗು ಉಕ್ಕಿ ಕಪ್ಪಿನ ಚಹಾ ಸೀರೆ ಮೇಲೆ ಚೆಲ್ಲಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅಂದರು, "ಏನೂ ತಪ್ಪಾಗಿಲ್ಲ, ಹಾಗೇ ಬಿಡಿ. ಶಾಲು ಹೊದಿಸಿಕೊಂಡ ಮೇಲೂ ಇವರು ಮೂರು ವರ್ಷ ಆಡಿದ್ದು ಹೇಗೆ ಅಂದ್ಕೊಂಡ್ರಿ?"